ಡೊನೆಗಾಲ್‌ಗೆ ಸಿಕ್ಕ ಮರ್ಯಾದೆ

ಮಿಲಾನ್‌ನಲ್ಲಿ 2025ರ ಜೂನ್ 22ರಂದು ಪ್ರಾಡಾ ಕಂಪನಿ ಗಂಡಸರ ಉಡುಪಿನ ಹೊಸ ಕಲೆಕ್ಷನ್ ತೋರಿಸಿತು. ಅಲ್ಲಿಂದಾಚೆ ನಮ್ಮ ಕಡೆ ಮಾತೆಲ್ಲ ಚಪ್ಪಲಿಯದೇ ಆಯಿತು. ರೂಪದರ್ಶಿಗಳ ಕಾಲಲ್ಲಿದ್ದದ್ದು ಯಾರಾದರೂ ಗುರುತಿಸಬಹುದಾದ ಕೊಲ್ಹಾಪುರಿ. ಕಂಪನಿ ಅದನ್ನು ಕರೆದದ್ದು ‘ಚರ್ಮದ ಸ್ಯಾಂಡಲ್’ ಎಂದಷ್ಟೇ. ಸಿಟ್ಟು ಬಂತು, ಬರಬೇಕಾದದ್ದೇ. ಆದರೆ ಆ ಸಿಟ್ಟಿನಲ್ಲಿ ಚಪ್ಪಲಿಯ ಮೇಲಿದ್ದ ಬಟ್ಟೆಯನ್ನು ಯಾರೂ ಕಣ್ಣಿಟ್ಟು ನೋಡಲಿಲ್ಲ. ಅದೇ ವಾರ ಪ್ಯಾರಿಸ್‌ನಲ್ಲಿ ನಡೆದ ಇನ್ನೆರಡು ದೊಡ್ಡ ಷೋಗಳಲ್ಲಿ ನಮ್ಮ ದೇಶದ ಕೈಕೆಲಸದ ಗತಿ ಏನಾಯಿತು ಎಂಬುದೂ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಪ್ರಾಡಾ, ಲೂಯಿ ವಿಟಾನ್, ಡಿಯೋರ್ – ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು ಎನ್ನುವುದು ನನ್ನ ವಾದ.

ಮೊದಲು ಈ ಫ್ಯಾಷನ್ ವೀಕ್ ನಡೆಯುವ ಬಗೆಯನ್ನು ಸ್ವಲ್ಪ ಹೇಳಿಬಿಡುತ್ತೇನೆ. ಗಂಡಸರ ಉಡುಪಿನ ಷೋಗಳು ವರ್ಷಕ್ಕೆರಡು ಸಲ, ಜನವರಿ ಮತ್ತು ಜೂನ್‌ನಲ್ಲಿ ನಡೆಯುತ್ತವೆ. ಜೂನ್‌ನಲ್ಲಿ ತೋರಿಸುವುದು ಮುಂದಿನ ವರ್ಷದ ಬೇಸಿಗೆಯ ಬಟ್ಟೆ. ತಿಂಗಳುಗಟ್ಟಲೆ ಮಾಡಿದ ಕೆಲಸ ರ್‍ಯಾಂಪಿನ ಮೇಲೆ ಹತ್ತು–ಹದಿನೈದು ನಿಮಿಷದಲ್ಲಿ ಮುಗಿದುಹೋಗುತ್ತದೆ. ನಿಜವಾದ ವ್ಯಾಪಾರ ನಡೆಯುವುದು ಆಮೇಲೆ, ಷೋರೂಮುಗಳಲ್ಲಿ. ದೊಡ್ಡ ಅಂಗಡಿಗಳ ಖರೀದಿದಾರರು ಬಟ್ಟೆಯನ್ನು ಮುಟ್ಟಿ, ಒಳಹೊಲಿಗೆ ತಿರುಗಿಸಿ ನೋಡಿ ಆರ್ಡರ್ ಕೊಡುತ್ತಾರೆ. ಯಾರೂ ಕೇಳದ ಮಾದರಿಗಳು ಅಲ್ಲಿಗೇ ನಿಂತುಹೋಗುತ್ತವೆ. ರ್‍ಯಾಂಪಿನ ಮೇಲೆ ಕಂಡದ್ದೆಲ್ಲ ಅಂಗಡಿಗೆ ಬರುವುದಿಲ್ಲ. ಇದೆಲ್ಲದರ ನಡುವೆ ಇನ್ನೊಂದು ಸಣ್ಣ ಪದ್ಧತಿ ಇದೆ. ಬಂದ ಅತಿಥಿಗಳಿಗೆ, ಪತ್ರಕರ್ತರಿಗೆ ಕಂಪನಿ ಒಂದು ಹಾಳೆ ಕೊಡುತ್ತದೆ. ಈ ಕಲೆಕ್ಷನ್ ಎಲ್ಲಿಂದ ಹುಟ್ಟಿತು, ಯಾವ ಬಟ್ಟೆ, ಯಾವ ಕಾಲದ ಕತ್ತರಿಕೆ, ಯಾವ ಚಿತ್ರಕಾರನ ನೆನಪು ಎಂದೆಲ್ಲ ವಿನ್ಯಾಸಕರು ತಮ್ಮದೇ ಮಾತಿನಲ್ಲಿ ಹೇಳಿಕೊಳ್ಳುವ ಹಾಳೆ ಅದು. ಮಾರನೆಯ ದಿನದ ವಿಮರ್ಶೆಗಳಲ್ಲಿ ಅರ್ಧಕ್ಕರ್ಧ ಮಾತು ಬರುವುದು ಅದರಿಂದಲೇ. ಹಾಗಾಗಿ ಅಲ್ಲಿ ಏನು ಬರೆದಿದೆ, ಏನು ಬಿಟ್ಟಿದೆ ಎನ್ನುವುದನ್ನು ನಾನು ಬಟ್ಟೆಯಷ್ಟೇ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಇಂಥ ಷೋಗಳನ್ನು ನಾನು ನೋಡುವುದು ಕಂಪನಿಗಳೇ ಬಿಡುಗಡೆ ಮಾಡುವ ವಿಡಿಯೊಗಳಲ್ಲಿ. ಮೊದಲ ಸಲ ಸದ್ದು ಆರಿಸಿಟ್ಟು ನೋಡುತ್ತೇನೆ. ಸಂಗೀತ ನಿಂತರೆ ಬಟ್ಟೆಯ ನಡಿಗೆ ಕಾಣುತ್ತದೆ: ಭುಜದ ಹೊಲಿಗೆ ಎಲ್ಲಿ ಕೂತಿದೆ, ನೆರಿಗೆ ಎಷ್ಟು ಹೊತ್ತಿಗೆ ತಿರುಗಿ ತನ್ನ ಜಾಗಕ್ಕೆ ಬರುತ್ತದೆ, ಪ್ಯಾಂಟಿನ ಅಂಚು ಪಾದದ ಮೇಲೆ ಹೇಗೆ ಬೀಳುತ್ತದೆ.

ಹಾಗೆ ನೋಡಿದಾಗ ಪ್ರಾಡಾದ ಬಟ್ಟೆ ನನಗೆ ತುಂಬ ಹಿಡಿಸಿತು. ಮಿಯುಚ್ಚಾ ಪ್ರಾಡಾ ಮತ್ತು 2020ರಿಂದ ಅವರ ಜೊತೆಗಿರುವ ರಾಫ್ ಸಿಮನ್ಸ್ ಈ ಸಲ ಎಲ್ಲವನ್ನೂ ಹಗುರ ಮಾಡಿದ್ದರು. ಪ್ರತಿ ಸಲವೂ ಭಾರಿ ಸೆಟ್ ಹಾಕುವ ಆ ಕಾಂಕ್ರೀಟ್ ಹಾಲನ್ನು ಬೋಳಾಗಿ ಬಿಟ್ಟು, ನೆಲದ ಮೇಲೆ ಅಲ್ಲಲ್ಲಿ ಹೂವಿನಾಕಾರದ ರಗ್ಗು ಹಾಸಿದ್ದರು, ಅಷ್ಟೇ. ಉಡುಪೂ ಹಾಗೆಯೇ ಇತ್ತು. ಚಿಕ್ಕ ಮಕ್ಕಳ ಚಡ್ಡಿಯ ಹಾಗೆ ನೆರಿಗೆ ಹಿಡಿದ ಗಿಡ್ಡ ಚಡ್ಡಿಗಳು, ಟ್ರ್ಯಾಕ್‌ಸೂಟಿನ ಮೇಲೆ ಶಿಸ್ತಾದ ಕೋಟು, ಅಂಚು ಬಿಟ್ಟು ಹೆಣೆದ ಹುಲ್ಲಿನ ಟೋಪಿ. ಗಂಡಸರ ಉಡುಪು ಎಂದರೆ ಭುಜ ಅಗಲ ಮಾಡಿ ತೋರಿಸುವುದು ಎಂಬ ಹಳೆಯ ಹಟವನ್ನು ಇಲ್ಲಿ ಸಂಪೂರ್ಣ ಬಿಟ್ಟುಕೊಟ್ಟಿದ್ದರು. ಆ ಗಿಡ್ಡ ಚಡ್ಡಿಗಳನ್ನು ಎಷ್ಟು ಜನ ಬೀದಿಯಲ್ಲಿ ಹಾಕಿಕೊಂಡಾರು ಎಂಬ ಪ್ರಶ್ನೆ ನನ್ನನ್ನು ಕಾಡಲಿಲ್ಲ. ಗಂಡಸಿನ ಮೈಯನ್ನು ಬಿಗುಮಾನವಿಲ್ಲದೆ ತೋರಿಸಬಹುದು ಎಂಬುದನ್ನು ಅವು ಸೊಗಸಾಗಿ ಸಾಧಿಸಿದ್ದವು.

ಆ ಹಗುರತನಕ್ಕೆ ತಕ್ಕ ಪಾದರಕ್ಷೆ ಯಾವುದು? ಶೂ ಹಾಕಿದ್ದರೆ ಕಾಲು ಭಾರವಾಗುತ್ತಿತ್ತು, ರಬ್ಬರ್ ಚಪ್ಪಲಿ ಹಾಕಿದ್ದರೆ ಸಮುದ್ರತೀರದ ವೇಷವಾಗುತ್ತಿತ್ತು. ಕೊಲ್ಹಾಪುರಿಯೇ ಸರಿಯಾದ ಆಯ್ಕೆ. ವಿನ್ಯಾಸಕರ ಕಣ್ಣು ಇಲ್ಲಿ ತಪ್ಪಲಿಲ್ಲ, ಮತ್ತು ಆಕ್ಷೇಪ ಇನ್ನಷ್ಟು ಗಟ್ಟಿಯಾಗುವುದೂ ಇದರಿಂದಲೇ. ಇಡೀ ಕಲೆಕ್ಷನ್ ನಿಂತದ್ದು ಆ ಚಪ್ಪಲಿಯ ಮೇಲೆ. ಅದನ್ನು ನೂರಾರು ವರ್ಷ ತಿದ್ದಿ ತೀಡಿದವರ ಸುದ್ದಿಯೇ ಹಾಳೆಯಲ್ಲಿ ಇರಲಿಲ್ಲ.

ಒಂದು ಒಳ್ಳೆಯ ಕೊಲ್ಹಾಪುರಿಯನ್ನು ಕೈಗೆತ್ತಿಕೊಂಡು ನೋಡಿ. ಅಟ್ಟೆ ಎಮ್ಮೆಯ ಚರ್ಮದ್ದು, ಪದರದ ಮೇಲೆ ಪದರ. ಅದನ್ನು ಹದ ಮಾಡಿರುವುದು ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ನೀರಿನಲ್ಲಿ. ಜೇನಿನ ಬಣ್ಣ ಬರುವುದು ಆ ಹದದಿಂದ. ದಿನ ಕಳೆದಂತೆ, ಎಣ್ಣೆ ಕುಡಿದಂತೆ ಅದು ಕಪ್ಪಾಗುತ್ತ ಹೋಗುತ್ತದೆ. ಸಾಂಪ್ರದಾಯಿಕ ಜೋಡಿನಲ್ಲಿ ಮೊಳೆ ಇರುವುದಿಲ್ಲ, ಚರ್ಮದ ದಾರದಿಂದಲೇ ಅಂಚಿನುದ್ದಕ್ಕೂ ಹೊಲಿದಿರುತ್ತಾರೆ. ಪಾದದ ಎರಡು ಬದಿಗೆ ಕಿವಿಯ ಹಾಗೆ ಚಾಚಿಕೊಂಡ ತುಂಡು, ಹೆಬ್ಬೆರಳಿಗೆ ಉಂಗುರ, ಮೇಲೆ ಎಳೆ ಎಳೆಯಾಗಿ ಸೀಳಿದ ತೆಳು ಚರ್ಮವನ್ನು ಜಡೆ ಹೆಣೆದ ಹಾಗೆ ಹೆಣೆದ ಪಟ್ಟಿ. ಅಟ್ಟೆ ಕತ್ತರಿಸಿ ಹೊಲಿಯುವುದು ಹೆಚ್ಚಾಗಿ ಗಂಡಸರ ಕೆಲಸ, ಈ ಹೆಣಿಗೆ ಹೆಚ್ಚಾಗಿ ಹೆಂಗಸರದು. ಹೊಸದರಲ್ಲಿ ಕಾಲು ಕಚ್ಚುತ್ತದೆ. ಕೆಲವು ವಾರ ತುಳಿದ ಮೇಲೆ ಅಟ್ಟೆಯಲ್ಲಿ ನಮ್ಮದೇ ಪಾದದ ಅಚ್ಚು ಮೂಡಿ, ಆಮೇಲೆ ಬೇರೆಯವರ ಕಾಲಿಗೆ ಅದು ಒಗ್ಗುವುದೇ ಇಲ್ಲ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಪೂರ್ತಿಯಾದ ವಿನ್ಯಾಸ ಮಿಲಾನ್‌ನ ಆ ವಾರದಲ್ಲಿ ನನಗೆ ಇನ್ನೊಂದು ಕಾಣಲಿಲ್ಲ.

ಇದರಲ್ಲಿ ನಮ್ಮ ಪಾಲೂ ದೊಡ್ಡದು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಾಗ ಎಂಟು ಜಿಲ್ಲೆಗಳ ಹೆಸರು ಸೇರಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ; ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಮಾನ್ಯತೆಯ ಒಡೆತನವೂ ಜಂಟಿ: ಅತ್ತ ಮಹಾರಾಷ್ಟ್ರದ ಲಿಡ್‌ಕಾಂ, ಇತ್ತ ನಮ್ಮ ಬಾಬು ಜಗಜೀವನ್ ರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಲಿಡ್ಕರ್. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕಡೆಯ ಮನೆಗಳಲ್ಲಿ ತಲೆಮಾರುಗಳಿಂದ ಈ ಕೆಲಸ ನಡೆದುಬಂದಿದೆ. ಪ್ರಾಡಾ ವಿವಾದದಲ್ಲಿ ಮಹಾರಾಷ್ಟ್ರದ ದನಿಯೇ ಜೋರಾಗಿ ಕೇಳಿದಾಗ ಸಚಿವ ಪ್ರಿಯಾಂಕ್ ಖರ್ಗೆ ಈ ಊರುಗಳನ್ನು ನೆನಪಿಸಿದ್ದು ಸರಿಯಾಗಿಯೇ ಇತ್ತು.

ಹಾಗಾದರೆ ಕಾನೂನು ಏನು ಮಾಡಿತು? ಬಾಂಬೆ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಜುಲೈನಲ್ಲಿ ವಜಾ ಆಯಿತು. ಹಕ್ಕು ಇರುವುದು ಜಿಐ ಒಡೆಯರಿಗೆ, ಕೇಳುವುದಾದರೆ ಅವರೇ ಬಂದು ಕೇಳಲಿ ಎಂಬುದು ನ್ಯಾಯಾಲಯದ ನಿಲುವು. ಅದಕ್ಕಿಂತ ಯೋಚಿಸಬೇಕಾದ ಸಂಗತಿ ಇನ್ನೊಂದಿದೆ. ಜಿಐ ಮುಖ್ಯವಾಗಿ ಕಾಪಾಡುವುದು ಹೆಸರನ್ನು. ಎಂಟು ಜಿಲ್ಲೆಗಳ ಆಚೆ ಮಾಡಿದ ಚಪ್ಪಲಿಯನ್ನು ‘ಕೊಲ್ಹಾಪುರಿ’ ಎಂದು ಕರೆದು ಮಾರಿದರೆ ತಪ್ಪು. ಅದೇ ರೂಪದ ಚಪ್ಪಲಿಗೆ ‘ಚರ್ಮದ ಸ್ಯಾಂಡಲ್’ ಎಂದು ಚೀಟಿ ಅಂಟಿಸಿದರೆ ಹಿಡಿಯುವುದು ಕಷ್ಟ, ಅದರಲ್ಲೂ ಇಟಲಿಯಲ್ಲಿ. ಅಂದರೆ ಋಣ ಒಪ್ಪಿಕೊಂಡವನಿಗೆ ತೊಡಕು, ಬಾಯಿಮುಚ್ಚಿಕೊಂಡವನಿಗೆ ಹಾದಿ ಸಲೀಸು. ಕುಶಲಕರ್ಮಿಗಳನ್ನು ಕಾಯಲೆಂದು ಮಾಡಿದ ಕಾನೂನು ಅವರ ಹೆಸರು ಅಳಿಸುವುದಕ್ಕೇ ಕಾರಣ ಕೊಡುವಂತಿದ್ದರೆ ಅದರ ಮೇಲೆ ಪೂರ್ತಿ ಭಾರ ಹಾಕಿ ಕೂರಲಾಗದು. ಹಾಗಾಗಿ ವಿಮರ್ಶಕರು, ಓದುಗರು, ಕೊಳ್ಳುವವರು ಆ ಹಾಳೆಯನ್ನು ನೋಡಿ ಪ್ರಶ್ನೆ ಕೇಳಲೇಬೇಕು.

ಮೂಲದ ಹೆಸರು ಹೇಳುವುದು ಪ್ರಾಡಾಕ್ಕೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. 2010ರಲ್ಲಿ ಇದೇ ಕಂಪನಿ, ಇದೇ ಮಿಯುಚ್ಚಾ ಪ್ರಾಡಾ, ‘ಮೇಡ್ ಇನ್’ ಎಂಬ ಯೋಜನೆ ತಂದಿದ್ದರು. ಸ್ಕಾಟ್ಲೆಂಡಿನ ಟಾರ್ಟನ್ ಉಣ್ಣೆಯ ಕಿಲ್ಟ್, ಪೆರುವಿನ ಅಲ್ಪಾಕಾ ಉಣ್ಣೆ, ಜಪಾನಿನ ಡೆನಿಮ್, ಭಾರತದ ಚಿಕನ್ ಕಸೂತಿ – ಪ್ರತಿಯೊಂದನ್ನೂ ಆಯಾ ದೇಶದಲ್ಲೇ ಮಾಡಿಸಿ, ಆ ದೇಶದ ಹೆಸರನ್ನು ಚೀಟಿಯ ಮೇಲೆ ಹೆಮ್ಮೆಯಿಂದ ಹಾಕಿದ್ದರು. ಐಷಾರಾಮಿ ವಸ್ತು ಎಂದರೆ ಇಟಲಿಯದೋ ಫ್ರಾನ್ಸಿನದೋ ಆಗಿರಬೇಕು ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ ಅದು ದಿಟ್ಟ ಹೆಜ್ಜೆ. ಅಂಥದ್ದನ್ನು ಮಾಡಿ ತೋರಿಸಿದ ಮನೆ ಹದಿನೈದು ವರ್ಷದ ನಂತರ ‘ಚರ್ಮದ ಸ್ಯಾಂಡಲ್’ ಎಂದದ್ದು ನನಗೆ ಹೆಚ್ಚು ನೋವು ಕೊಟ್ಟಿತು.

ಎರಡು ದಿನದ ಮೇಲೆ ಪ್ಯಾರಿಸ್‌ನಲ್ಲಿ ಲೂಯಿ ವಿಟಾನ್ ಷೋ. ಇಲ್ಲಿ ಭಾರತವನ್ನು ಮುಚ್ಚಿಡುವ ಪ್ರಶ್ನೆಯೇ ಇರಲಿಲ್ಲ. ವಿನ್ಯಾಸಕ ಫರೆಲ್ ವಿಲಿಯಮ್ಸ್ ದೆಹಲಿ, ಮುಂಬೈ, ಜೋಧಪುರ ಸುತ್ತಿಕೊಂಡು ಹೋಗಿ, ಪಾಂಪಿದು ಸೆಂಟರ್ ಮುಂದೆ ದೊಡ್ಡ ಹಾವು–ಏಣಿ ಆಟದ ಹಾಸನ್ನೇ ರ್‍ಯಾಂಪ್ ಮಾಡಿದ್ದರು. ವೈಕುಂಠ ಏಕಾದಶಿಯ ರಾತ್ರಿ ಪರಮಪದ ಸೋಪಾನ ಪಟ ಆಡಿ ಬೆಳೆದವರಿಗೆ ಆ ಚೌಕಗಳು ಎಲ್ಲಿಯವು ಎಂದು ಹೇಳಿಕೊಡಬೇಕಾಗಿಲ್ಲ. ಹಾಸಿನ ವಿನ್ಯಾಸ ಮುಂಬೈನ ವಾಸ್ತುಶಿಲ್ಪಿ ಬಿಜೋಯ್ ಜೈನ್ ಅವರದು, ಹಾಡೊಂದರಲ್ಲಿ ಎ.ಆರ್. ರೆಹಮಾನ್ ಕೈಯಿತ್ತು. ಇಬ್ಬರ ಹೆಸರನ್ನೂ ಕಂಪನಿ ದೊಡ್ಡದಾಗಿಯೇ ಹೇಳಿತು. ಆ ಮಟ್ಟಿಗೆ ಸಂತೋಷ.

ಉಡುಪಿನ ಬಗ್ಗೆ ನನ್ನ ಉತ್ಸಾಹ ಅಷ್ಟಿಲ್ಲ. ಬಿಸಿಲಿಗೆ ಮಾಸಿದಂಥ ಕಂದು, ನೀಲಿ ಬಣ್ಣಗಳು, ಕಾಫಿ ಬಣ್ಣ ಬೆರೆತ ಡೆನಿಮ್ ಚೆನ್ನಾಗಿದ್ದವು. ಆದರೆ ಆನೆ, ಚಿರತೆ, ತಾಳೆಮರ ತುಂಬಿದ ಕೋಟು, ಚೀಲಗಳು ಹುಟ್ಟಿದ್ದು ಒಂದು ಸಿನಿಮಾದಿಂದ: ವೆಸ್ ಆಂಡರ್ಸನ್ ಅವರ 2007ರ ‘ದಿ ಡಾರ್ಜಿಲಿಂಗ್ ಲಿಮಿಟೆಡ್’ ಚಿತ್ರಕ್ಕಾಗಿ ಇದೇ ಕಂಪನಿ ಮಾಡಿಕೊಟ್ಟಿದ್ದ ಸೂಟ್‌ಕೇಸುಗಳ ಚಿತ್ತಾರ ಅದು. ಹಾಗಾಗಿ ಷೋನಲ್ಲಿ ಕಂಡದ್ದು ರೈಲಿನ ಕಿಟಕಿಯಿಂದ ನೋಡಿದ ಭಾರತ. ಆಟೊರಿಕ್ಷಾ ಆಕಾರದ ಕೈಚೀಲ ಆಮೇಲೆ ಜಾಲತಾಣಗಳಲ್ಲೆಲ್ಲ ಓಡಾಡಿತು. ನನಗೆ ಅದು ಹಿಡಿಸಲಿಲ್ಲ. ಮೂರು ದಿನದ ಪ್ರವಾಸಿಗೆ ಕಣ್ಣಿಗೆ ಬೀಳುವ ಮೊದಲ ವಸ್ತುವನ್ನೇ ದುಬಾರಿ ಚರ್ಮದಲ್ಲಿ ಮಾಡಿದಂತಿತ್ತು. ವಾಸ್ತುಶಿಲ್ಪಿ, ಸಂಗೀತಗಾರ ಹೆಸರಿಗೆ ಸಿಕ್ಕರು. ನೂಲು ಹಿಡಿದವರು, ಸೂಜಿ ಹಿಡಿದವರು ಮುನ್ನೆಲೆಗೆ ಬರಲಿಲ್ಲ.

ಜೂನ್ 27ರಂದು ಡಿಯೋರ್. ಜೊನಾಥನ್ ಆಂಡರ್ಸನ್ ಅವರಿಗೆ ಆ ಮನೆಯಲ್ಲಿ ಇದು ಮೊದಲ ಕಲೆಕ್ಷನ್. ಇಡೀ ವಾರದಲ್ಲಿ ಕತ್ತರಿಯ ಕೆಲಸದ ಮಟ್ಟಿಗೆ ಇದೇ ಅತ್ಯುತ್ತಮ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಬರ್ಲಿನ್‌ನ ಚಿತ್ರಶಾಲೆಯ ಮಾದರಿಯ ಕೋಣೆ, ಗೋಡೆಯ ಮೇಲೆ ಹದಿನೆಂಟನೆಯ ಶತಮಾನದ ಫ್ರೆಂಚ್ ಚಿತ್ರಕಾರ ಶಾರ್ಡಾನ್ ಬರೆದ ಎರಡು ನಿಜವಾದ ಚಿತ್ರಗಳು. ಮೊದಲ ಹುಡುಗ ತೊಟ್ಟು ಬಂದದ್ದು 1947ರ ಪ್ರಸಿದ್ಧ ‘ಬಾರ್’ ಜಾಕೆಟ್ಟಿನ ಗಂಡುರೂಪ. ಹೆಂಗಸರ ಸೊಂಟಕ್ಕೆಂದು ಕ್ರಿಶ್ಚಿಯನ್ ಡಿಯೋರ್ ಕತ್ತರಿಸಿದ್ದ ಆ ಜಾಕೆಟ್ಟನ್ನು ದಪ್ಪ ಟ್ವೀಡ್ ಉಣ್ಣೆಯಲ್ಲಿ ಗಂಡಸಿಗೆ ಕೂರಿಸುವುದು ಹುಡುಗಾಟವಲ್ಲ. ಅದರ ಕೆಳಗೆ ಬಿಳಿ ಕಾರ್ಗೊ ಚಡ್ಡಿ, ಹಿಂದುಗಡೆ ಮಡಿಕೆ ಮೇಲೆ ಮಡಿಕೆಯಾಗಿ ಬಟ್ಟೆ ಇಳಿಬಿಟ್ಟಿತ್ತು. 1948ರ ‘ಡೆಲ್ಫ್ಟ್’ ಎಂಬ ಗೌನಿನ ಮಡಿಕೆಗಳವು. ಹುಡುಗ ಹೆಜ್ಜೆ ಇಟ್ಟಾಗ ಆ ಮಡಿಕೆಗಳು ಒಂದರ ಹಿಂದೊಂದು ಅಲುಗಿ, ಮತ್ತೆ ಒಂದರ ಮೇಲೊಂದು ಬಂದು ಕೂರುತ್ತವೆ. ಹಳೆಯದನ್ನು ಎತ್ತಿಕೊಂಡು ಹೊಸದು ಮಾಡುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಆ ಚಡ್ಡಿಯನ್ನು ತೋರಿಸುತ್ತೇನೆ.

ಇದೇ ಕಲೆಕ್ಷನ್ನಿನಲ್ಲಿ ಬಂಗಾರದ ಹೊಳಪಿನ ಚೌಕುಳಿಯ ಒಂದು ಕೋಟು ಬಂತು. ಅದರ ಕೆಲಸ ಲಖನೌ ಕಡೆಯ ಮುಕೈಶ್. ಕೂದಲಿನಷ್ಟು ಸಣ್ಣ, ಚಪ್ಪಟೆ ಮಾಡಿದ ಲೋಹದ ಎಳೆಯನ್ನು ಬಟ್ಟೆಯೊಳಗೆ ತೂರಿಸಿ, ತಿರುಚಿ, ಮಡಚಿ, ತುಂಡರಿಸಿ, ಆಮೇಲೆ ಉಜ್ಜಿ ನುಣುಪು ಮಾಡುವ ವಿದ್ಯೆ. ಇದನ್ನು ಬಲ್ಲ ಕೈಗಳು ಈಗ ಕಡಿಮೆ, ಇರುವವರಲ್ಲೂ ಬಹಳ ಮಂದಿ ವಯಸ್ಸಾದವರು. ಕಣ್ಣು ಕೇಳುವ ಕೆಲಸ. ಷೋ ಹೊತ್ತಿನಲ್ಲಿ ಕಂಪನಿ ಈ ಕೈಚಳಕದ ಹೆಸರೆತ್ತಲಿಲ್ಲ. ಭಾರತದ ಫ್ಯಾಷನ್ ವಿಮರ್ಶಕರು ಗುರುತಿಸಿ ಹೇಳಿದ ಮೇಲೆಯೇ ಅದು ಹೊರಗೆ ಬಂದದ್ದು.

ಡಿಯೋರ್ ಹಾಳೆಯಲ್ಲಿ ಹೆಸರುಗಳ ಬರವಿತ್ತೆ? ಇಲ್ಲ. ಬಾರ್ ಜಾಕೆಟ್ ಇದೆ, ಡೆಲ್ಫ್ಟ್ ಗೌನ್ ಇದೆ, ಶಾರ್ಡಾನ್ ಇದ್ದಾನೆ. ಡೊನೆಗಾಲ್ ಟ್ವೀಡ್ ಕೂಡ ಇದೆ. ಡೊನೆಗಾಲ್ ಎಂದರೆ ಐರ್ಲೆಂಡಿನ ವಾಯವ್ಯ ಮೂಲೆಯ ಒಂದು ಜಿಲ್ಲೆ. ಅಲ್ಲಿನ ನೇಕಾರರು ಬಣ್ಣಬಣ್ಣದ ಚುಕ್ಕಿ ಸಿಡಿದಂತಿರುವ ಉಣ್ಣೆಬಟ್ಟೆ ನೇಯುತ್ತಾರೆ. ಆಂಡರ್ಸನ್ ಉತ್ತರ ಐರ್ಲೆಂಡಿನವರು, ಅವರಿಗೆ ಅದು ನೆರೆಮನೆ. ಆ ಉಣ್ಣೆಯನ್ನು ಬರೀ ‘ದಪ್ಪ ಬಟ್ಟೆ’ ಎಂದು ಕರೆಯಲು ಅವರಿಗೆ ಮನಸ್ಸು ಬರಲಿಲ್ಲ; ನೇಯ್ದ ಊರಿನ ಹೆಸರು ತೆಗೆದರೆ ಬಟ್ಟೆಯ ಅರ್ಧ ಗುಣವೇ ಹೋಗುತ್ತದೆ ಎಂದು ಅವರಿಗೆ ಗೊತ್ತು. ಡೊನೆಗಾಲಿನ ನೇಕಾರನಿಗೆ ಸಲ್ಲುವ ಈ ಮರ್ಯಾದೆ ಲಖನೌದ ಮುಕೈಶ್ ಕೆಲಸದವನಿಗೂ ಅಥಣಿಯಲ್ಲಿ ಚರ್ಮದ ಜಡೆ ಹೆಣೆಯುವ ಹೆಂಗಸಿಗೂ ಸಲ್ಲಬೇಕು. ನಾನು ಕೇಳುತ್ತಿರುವುದು ಇಷ್ಟನ್ನೇ.

ಕನ್ನಡದವರಿಗೆ ಈ ಮಾತು ಹೊಸದಾಗಬಾರದು. ಬಸವಣ್ಣನಿಗಾಗಿ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿದ ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮನ ಕಥೆ ನಮ್ಮ ಹಳ್ಳಿಗಳ ಬಾಯಲ್ಲಿ ಇನ್ನೂ ಇದೆ. ಆ ಪಾದರಕ್ಷೆ ಯಾರಿಗೆ ಎನ್ನುವುದರ ಜೊತೆಗೆ ಮಾಡಿದವರು ಯಾರು ಎನ್ನುವುದನ್ನೂ, ಗಂಡ ಹೆಂಡತಿ ಇಬ್ಬರ ಹೆಸರನ್ನೂ, ನಾವು ಇಷ್ಟು ಶತಮಾನ ಉಳಿಸಿಕೊಂಡು ಬಂದಿದ್ದೇವೆ.

ಹೆಸರು ಹೇಳಿದರೆ ವಿನ್ಯಾಸಕರ ತೂಕ ಕಡಿಮೆಯಾಗುತ್ತದೆ ಎಂಬ ಭಯವಿದ್ದರೆ ಡಿಯೋರ್ ತನ್ನದೇ ನಿನ್ನೆಯನ್ನು ತಿರುಗಿ ನೋಡಬಹುದು. ಆಂಡರ್ಸನ್‌ಗೆ ಮೊದಲು ಅಲ್ಲಿ ಹೆಂಗಸರ ಉಡುಪು ನೋಡಿಕೊಂಡಿದ್ದ ಮರಿಯಾ ಗ್ರಾಜಿಯಾ ಕ್ಯೂರಿ ಮುಂಬೈನ ಚಾಣಕ್ಯ ಸಂಸ್ಥೆಯ ಕಸೂತಿಯನ್ನು ಯಾವತ್ತೂ ಮುಚ್ಚಿಡಲಿಲ್ಲ. 2020ರ ಜನವರಿಯಲ್ಲಿ ಕಲಾವಿದೆ ಜೂಡಿ ಶಿಕಾಗೊ ಜೊತೆ ಮಾಡಿದ ಷೋನಲ್ಲಿ ತೂಗುಬಿಟ್ಟಿದ್ದ ದೊಡ್ಡ ಪತಾಕೆಗಳನ್ನು ಕಸೂತಿ ಹಾಕಿದವರು ಚಾಣಕ್ಯ ಶಾಲೆಯಲ್ಲಿ ಕಲಿಯುತ್ತಿದ್ದ ಹೆಣ್ಣುಮಕ್ಕಳು, ಅದನ್ನು ಡಿಯೋರ್ ಎಲ್ಲ ಕಡೆ ಹೇಳಿಕೊಂಡಿತು. 2023ರ ಮಾರ್ಚ್ 30ರಂದು ಆಕೆ ಇಡೀ ಷೋವನ್ನೇ ಗೇಟ್‌ವೇ ಆಫ್ ಇಂಡಿಯಾ ಮುಂದಕ್ಕೆ ತಂದರು. ಅಲ್ಲಿ ಕಟ್ಟಿದ್ದ ಎತ್ತರದ ತೋರಣ ಭಾರತದ ಹಲವು ಬಗೆಯ ಕಸೂತಿಗಳ ಒಂದು ಪ್ರದರ್ಶನದಂತಿತ್ತು. ಆ ಕಲೆಕ್ಷನ್ನಿನ ಕೆಲವು ಉಡುಪುಗಳು ತೀರಾ ಸಾಧು ಎಂದು ನನಗೆ ಅನಿಸಿತ್ತು, ಈಗಲೂ ಹಾಗೆಯೇ ಅನಿಸುತ್ತದೆ. ಆದರೂ ಆ ಸಂಜೆ ಕೆಲಸದ ಕೈ ಮತ್ತು ವಿನ್ಯಾಸದ ಕಣ್ಣು ಒಂದೇ ವೇದಿಕೆಯಲ್ಲಿದ್ದವು.

ಬೆಲ್ಜಿಯಂನ ಡ್ರೀಸ್ ವಾನ್ ನೋಟೆನ್ ಅವರದು ಇನ್ನೂ ಒಂದು ಹೆಜ್ಜೆ ಮುಂದಿನ ದಾರಿ. 2024ರ ಜೂನ್‌ನಲ್ಲಿ ಪ್ಯಾರಿಸ್ ಹೊರವಲಯದ ಒಂದು ಹಾಲ್‌ನಲ್ಲಿ, ಬೆಳ್ಳಿಯ ಹಾಳೆ ಹಾಸಿದ ನೆಲದ ಮೇಲೆ ಕೊನೆಯ ಷೋ ಮಾಡಿ ಅವರು ನಿವೃತ್ತರಾದರು. ದಶಕಗಳ ಕಾಲ ಕೋಲ್ಕತ್ತ ಸುತ್ತಮುತ್ತಲಿನ ಕಸೂತಿಗಾರರಿಗೆ ಅವರಿಂದ ಕೆಲಸ ಸಿಕ್ಕಿದೆ. ಕಸೂತಿ ಫ್ಯಾಷನ್ನಿನಲ್ಲಿ ಇಲ್ಲದ ವರ್ಷಗಳಲ್ಲೂ ಅವರು ಒಂದಿಷ್ಟು ಉಡುಪಿನಲ್ಲಿ ಕಸೂತಿ ಇಟ್ಟೇ ಇಡುತ್ತಿದ್ದರು; ಆರ್ಡರ್ ನಿಂತರೆ ಆ ಮನೆಗಳ ಒಲೆ ಆರುತ್ತದೆ, ಒಮ್ಮೆ ಬೇರೆ ಕೆಲಸಕ್ಕೆ ಹೋದವರು ಸೂಜಿಗೆ ತಿರುಗಿ ಬರುವುದಿಲ್ಲ ಎನ್ನುವುದು ಅವರಿಗೆ ತಿಳಿದಿತ್ತು. ಬಿಡಿ ಬಿಡಿಯಾಗಿ ಕಸೂತಿಯ ಅಂಗಿಗಳು ಪ್ರತಿ ಕಲೆಕ್ಷನ್ನಿನಲ್ಲೂ ಕಾಣುತ್ತಿದ್ದದ್ದರ ಹಿಂದೆ ಇದೂ ಒಂದು ಕಾರಣ. ನನ್ನ ಮಟ್ಟಿಗೆ ನಮ್ಮ ಕಾಲದ ಅತ್ಯಂತ ಘನವಾದ ವಿನ್ಯಾಸಕ ಅವರು.

ಪ್ರಾಡಾ ಈಗ ಎಲ್ಲಿಗೆ ಬಂದಿದೆ ಎಂಬುದನ್ನು ಈ ಅಳತೆಯಿಂದಲೇ ನೋಡುತ್ತೇನೆ. ಗದ್ದಲವಾದ ಮೇಲೆ ಕಂಪನಿ ಭಾರತೀಯ ಪಾದರಕ್ಷೆಯ ಋಣವನ್ನು ಪತ್ರದಲ್ಲಿ ಒಪ್ಪಿಕೊಂಡಿತು, ಜುಲೈನಲ್ಲಿ ತನ್ನ ತಂಡವನ್ನು ಕೊಲ್ಹಾಪುರಕ್ಕೆ ಕಳಿಸಿತು. ಡಿಸೆಂಬರ್‌ನಲ್ಲಿ ಲಿಡ್‌ಕಾಂ ಮತ್ತು ಲಿಡ್ಕರ್ ಜೊತೆ ಒಪ್ಪಂದವಾಯಿತು. ಸುಮಾರು 2,000 ಜೊತೆ ಚಪ್ಪಲಿಗಳನ್ನು ಮಹಾರಾಷ್ಟ್ರ, ಕರ್ನಾಟಕದಲ್ಲೇ ಮಾಡಿಸಿ, 2026ರ ಫೆಬ್ರುವರಿಯಿಂದ ಜಗತ್ತಿನ 40 ಅಂಗಡಿಗಳಲ್ಲಿ, ಜೊತೆಯೊಂದಕ್ಕೆ ಸುಮಾರು 800 ಯೂರೊ ಬೆಲೆಗೆ ಮಾರುವುದಾಗಿ ಪ್ರಕಟಿಸಿತು. ಮೂರು ವರ್ಷದ ತರಬೇತಿ, ಕೆಲವರಿಗೆ ಇಟಲಿಯ ಪ್ರಾಡಾ ಅಕಾಡೆಮಿಯಲ್ಲಿ ಸ್ವಲ್ಪ ಕಾಲ ಕಲಿಯುವ ಅವಕಾಶವೂ ಅದರಲ್ಲಿ ಸೇರಿದೆ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ನಮ್ಮ ಸಂತೆ, ಅಂಗಡಿಗಳಲ್ಲಿ ಸಾವಿರ ರೂಪಾಯಿಯ ಆಚೀಚೆ ಚೌಕಾಸಿ ಮಾಡಿ ಕೊಳ್ಳುವ ವಸ್ತುವಿಗೆ 800 ಯೂರೊ ಬೆಲೆ ಕಟ್ಟಲಾಗಿದೆ. 2,000 ಜೊತೆ ಅಂದರೆ 16 ಲಕ್ಷ ಯೂರೊ ವ್ಯಾಪಾರ. ಅದರಲ್ಲಿ ಅಟ್ಟೆ ಹೊಲಿದವರಿಗೆ ಎಷ್ಟು, ಹೆಣೆದವರಿಗೆ ಎಷ್ಟು, ಚರ್ಮ ಹದ ಮಾಡಿದವರಿಗೆ ಎಷ್ಟು ಎಂಬುದನ್ನು ಎರಡೂ ನಿಗಮಗಳು ಬಹಿರಂಗ ಮಾಡಬೇಕು. ನಾಲ್ಕನೆಯ ವರ್ಷವೂ ಆರ್ಡರ್ ಬರುವಂತೆ ಈಗಲೇ ಮಾತಾಡಿಕೊಳ್ಳಬೇಕು.

ಇನ್ನು ನಮ್ಮ ರ್‍ಯಾಂಪುಗಳ ವಿಚಾರ. ಬೆಂಗಳೂರಿನ ಫ್ಯಾಷನ್ ಷೋಗಳಲ್ಲಿ ಇಳಕಲ್ ಸೆರಗಿನ ಜಾಕೆಟ್ಟು, ಕಸೂತಿಯ ಗೌನು ಈಗ ಸಾಮಾನ್ಯ. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ಹೊಲಿಗೆಗೊಂದು ಹೆಸರಿರುವ ಕಲೆ ಕಸೂತಿ. ಬಟ್ಟೆಯ ಎಳೆ ಎಣಿಸಿ ಹಾಕಬೇಕು, ಗವಂತಿ, ಮುರಗಿಯಾದರೆ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ವಿನ್ಯಾಸಕರ ಹೆಸರನ್ನು ನಿರೂಪಕರು ಮೂರು ಸಲ ಹೇಳುತ್ತಾರೆ. ಆ ಸೆರಗು ಯಾವ ಮಗ್ಗದ್ದು, ಆ ಗೋಪುರ, ಆನೆ, ತೇರುಗಳನ್ನು ಧಾರವಾಡದ ಯಾವ ಕೇಂದ್ರದ ಹೆಣ್ಣುಮಕ್ಕಳು ಹಾಕಿದರು ಎಂದು ಹೇಳುವುದು ಅಪರೂಪ. ಪ್ರಾಡಾದಿಂದ ಕೇಳಿದ್ದನ್ನು ಇವರಿಂದಲೂ ಕೇಳೋಣ. ಅದಕ್ಕೆ ಇಟಲಿಯ ಒಪ್ಪಿಗೆ ಬೇಕಾಗಿಲ್ಲ, ಹೈಕೋರ್ಟಿನ ಆದೇಶವೂ ಬೇಡ. ಲಿಡ್ಕರ್ ತನ್ನ ಮಳಿಗೆಗಳಲ್ಲಿ ಮಾರುವ ಚಪ್ಪಲಿಯ ಡಬ್ಬಿಯ ಮೇಲೆ ಊರಿನ ಹೆಸರು ಅಚ್ಚು ಹಾಕಿಸಿ ಇದನ್ನು ಇದೇ ವರ್ಷ ಶುರುಮಾಡಬಹುದು.